ಸಮಿತಿಯ ಲೆಕ್ಕಕ್ಕೆ ಸಿಗದ ಪಾದ್ರಿ

ಕಿಟೆಲ್ ನಿಘಂಟಿನ ಪುಟಗಳನ್ನು ತಿರುವಿಹಾಕಿದವರ ಕಣ್ಣಿಗೆ ಕೆಲವು ಶಬ್ದಗಳ ಪಕ್ಕದಲ್ಲಿ ಕಂಸದೊಳಗಿನ ಒಂದು ಪುಟ್ಟ ಗುರುತು ಬಿದ್ದಿರಬೇಕು. ಅದು ದಕ್ಷಿಣ ಮರಾಠಾ ದೇಶ ಎಂಬ ಹೆಸರಿನ ಸಂಕ್ಷೇಪ. ಮೈಸೂರು ಸೀಮೆಯ ಬಳಕೆಗೆ ಇನ್ನೊಂದು ಗುರುತಿದೆ. ಮಲಪ್ರಭೆಯ ದಂಡೆಯ ಮುನವಳ್ಳಿ, ಅದರ ನೆರೆಯ ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗ, ಅತ್ತ ಧಾರವಾಡ, ಹುಬ್ಬಳ್ಳಿ, ಗದಗ ಇವೆಲ್ಲವೂ ಕಂಪನಿ ಸರ್ಕಾರದ ಕಾಗದಪತ್ರಗಳಲ್ಲಿ ದಕ್ಷಿಣ ಮರಾಠಾ ದೇಶವೇ ಆಗಿದ್ದವು. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದರೂ ಅವರ ಕಾಲದ ಹೆಸರು ಮುಗಿಯಲಿಲ್ಲ; ಕಚೇರಿಯ ಮರಾಠಿ ಬಹುಕಾಲ ಉಳಿದುಕೊಂಡಿತು. ಒಲೆಯ ಮುಂದೆ, ಹೊಲದಲ್ಲಿ, ಮಠದ ಅಂಗಳದಲ್ಲಿ ಆಡುವ ಮಾತು ಮಾತ್ರ ಕನ್ನಡ. ಇಂಥದೊಂದು ಸೀಮೆಯ ಆಡುನುಡಿಯನ್ನು ಮೈಸೂರು ಸೀಮೆಯ ಕನ್ನಡದ ಪಕ್ಕದಲ್ಲಿ, ಅದಕ್ಕಿಂತ ಕೀಳೆಂದು ಎಣಿಸದೆ, ಶಬ್ದ ಶಬ್ದವಾಗಿ ದಾಖಲಿಸಿದವರು ದೂರದ ಉತ್ತರ ಜರ್ಮನಿಯ ಕರಾವಳಿಯಿಂದ ಬಂದ ಒಬ್ಬ ಪ್ರಾಟೆಸ್ಟೆಂಟ್ ಪಾದ್ರಿ.

ಫರ್ಡಿನೆಂಡ್ ಕಿಟೆಲ್ ಅವರ ಹೆಸರು ಇಂದು ಎರಡು ಬಗೆಯ ಬಳಕೆಗೆ ಒಳಗಾಗಿದೆ. ಕನ್ನಡದ ಸಭೆಗಳಲ್ಲಿ ಅವರು ನಿಘಂಟುಕಾರರು ಮಾತ್ರ. ಅವರ ಪಾದ್ರಿಯ ನಿಲುವಂಗಿಯನ್ನು ಕಳಚಿಟ್ಟು, ಶಾಲು ಹೊದಿಸಿ, ಭಾಷಾಪ್ರೇಮಿ ಎಂದು ಕೈಮುಗಿದು ಕಳಿಸುತ್ತೇವೆ. ಮತಾಂತರದ ವಿವಾದ ಎದ್ದಾಗ ಚಿತ್ರ ಬೇರೆಯಾಗುತ್ತದೆ. 2008ರಲ್ಲಿ ಕರಾವಳಿಯ ಚರ್ಚುಗಳ ಮೇಲೆ ದಾಳಿ ನಡೆದ ಬಳಿಕ ನಮ್ಮ ಪತ್ರಿಕೆಗಳ ಪುಟಗಳಲ್ಲಿ ನಡೆದ ವಾಗ್ವಾದವಿರಲಿ, 2022ರಲ್ಲಿ ರಾಜ್ಯ ಮತಾಂತರ ವಿರೋಧಿ ಕಾಯ್ದೆ ತಂದಾಗ ಮತ್ತು 2023ರಲ್ಲಿ ಅದನ್ನು ಹಿಂತೆಗೆಯಲು ಸಚಿವ ಸಂಪುಟ ತೀರ್ಮಾನಿಸಿದಾಗ ಕೇಳಿಬಂದ ಮಾತುಗಳಿರಲಿ, ಮಿಶನರಿ ಎಂದರೆ ಒಂದೇ ಅಚ್ಚಿನ ಮನುಷ್ಯ ಎಂಬ ಗ್ರಹಿಕೆ ಎರಡೂ ಪಕ್ಷಗಳಲ್ಲಿತ್ತು. ಕಿಟೆಲ್ ಅವರ ಬದುಕನ್ನು ಸ್ವಲ್ಪ ಸಾವಧಾನದಿಂದ ನೋಡಿದರೆ ಈ ಎರಡೂ ಚಿತ್ರಗಳು ನಿಲ್ಲುವುದಿಲ್ಲ. ಅವರು ಕೊನೆಯವರೆಗೂ ಕ್ರೈಸ್ತ ಧರ್ಮ ಪ್ರಚಾರಕರೇ ಆಗಿದ್ದರು. ಹಾಗೆಯೇ, ತಮ್ಮನ್ನು ಕಳಿಸಿದ ಸಂಸ್ಥೆಗೆ ಬಹುಕಾಲ ಇರಿಸುಮುರಿಸು ಉಂಟುಮಾಡಿದ ನೌಕರರೂ ಆಗಿದ್ದರು.

ಆ ಸಂಸ್ಥೆಯ ಸ್ವರೂಪವನ್ನು ತಿಳಿಯದೆ ಮನುಷ್ಯನನ್ನು ತಿಳಿಯಲಾಗದು. ಬಾಸೆಲ್ ಮಿಶನ್ ಸ್ಥಾಪನೆಯಾದದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಅದು ಯಾವುದೇ ರಾಜ್ಯದ ಅಧಿಕೃತ ಚರ್ಚಲ್ಲ. ಚರ್ಚಿನ ವಿಧಿವಿಧಾನಕ್ಕಿಂತ ವ್ಯಕ್ತಿಯ ಅಂತರಂಗದ ಪರಿವರ್ತನೆಯೇ ಮುಖ್ಯವೆಂದು ನಂಬಿದ್ದ ಪಯಟಿಸ್ಟ್ ಪಂಥದ ಭಕ್ತರು ಕಟ್ಟಿಕೊಂಡ ಸಂಘ. ಹಣದ ಹೊಣೆ ಬಾಸೆಲ್‌ನ ಸಿರಿವಂತ ವರ್ತಕ ಮನೆತನಗಳದು. ದೂರದ ದೇಶಗಳಿಗೆ ಹೋಗುವ ತರುಣರು ಬಹುಪಾಲು ನೆರೆಯ ವುರ್ಟೆಂಬರ್ಗ್ ಸೀಮೆಯ ರೈತರ, ಕುಶಲಕರ್ಮಿಗಳ ಮಕ್ಕಳು. 1855ರಿಂದ ಇನ್ನೊಂದು ಆದಾಯದ ಮೂಲ ಸೇರಿಕೊಂಡಿತು. ಬಡ ಕುಟುಂಬಗಳೂ ವಾರಕ್ಕೊಂದು ಚಿಕ್ಕ ನಾಣ್ಯವನ್ನು ಮಿಶನ್ನಿಗಾಗಿ ಎತ್ತಿಡುವ ವ್ಯವಸ್ಥೆ ಅದು. ನಮ್ಮ ಕಡೆ ಮಠಗಳಿಗಾಗಿ ಮನೆಮನೆಯಲ್ಲಿ ಮುಷ್ಟಿ ಅಕ್ಕಿ, ಹಿಡಿ ಜೋಳ ತೆಗೆದಿಡುವ ರೂಢಿಯನ್ನು ಬಲ್ಲವರಿಗೆ ಇದರ ಬಲ ಎಂಥದೆಂದು ಬಿಡಿಸಿ ಹೇಳಬೇಕಿಲ್ಲ. ಹಾಗೆ ಕೂಡಿದ ಹಣಕ್ಕೆ ಪೈಸೆ ಪೈಸೆಯ ಲೆಕ್ಕ ಕೊಡಬೇಕಿತ್ತು. ಎಷ್ಟು ಊರುಗಳಲ್ಲಿ ಬೋಧನೆಯಾಯಿತು, ಎಷ್ಟು ಜನ ದೀಕ್ಷಾಸ್ನಾನ ಪಡೆದರು, ಶಾಲೆಯಲ್ಲಿ ಎಷ್ಟು ಮಕ್ಕಳು ಎಂಬ ವರದಿಗಳು ಕಾಲಕಾಲಕ್ಕೆ ಬಾಸೆಲ್ ತಲುಪುತ್ತಿದ್ದವು.

ಈಸ್ಟ್ ಇಂಡಿಯಾ ಕಂಪನಿಯ ಸನದು 1813ರಲ್ಲಿ ಬ್ರಿಟಿಷ್ ಮಿಶನರಿಗಳಿಗೆ ಭಾರತದ ಬಾಗಿಲು ತೆರೆಯಿತು. 1833ರ ಸನದು ಇತರ ದೇಶದವರಿಗೂ ತೆರೆಯಿತು. ಮರುವರ್ಷವೇ, 1834ರಲ್ಲಿ, ಬಾಸೆಲ್‌ನ ಮೊದಲ ಮೂವರು ಮಂಗಳೂರಿನಲ್ಲಿ ನೆಲೆಸಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಹೀಗೆ ಘಟ್ಟದ ಮೇಲೆ ಠಾಣೆಗಳು ಹಬ್ಬಿದವು. ಬಾಸೆಲ್‌ನವರಿಗಿಂತ ಮೊದಲೇ ಲಂಡನ್ ಮಿಶನ್ನಿನವರು ಬಳ್ಳಾರಿಯಲ್ಲಿ 1810ರಿಂದಲೂ ಬೆಳಗಾವಿಯಲ್ಲಿ 1820ರಿಂದಲೂ ಇದ್ದರು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ ಕನ್ನಡದ ಸಂಪೂರ್ಣ ಬೈಬಲ್ 1831ರ ವೇಳೆಗೆ ಸಿದ್ಧವಾಗಿತ್ತು; ವಿಲಿಯಂ ರೀವ್ ಅವರ ಕನ್ನಡ ನಿಘಂಟು 1832ರಲ್ಲಿ ಬಂದಿತ್ತು.

ಧಾರವಾಡ ಸೀಮೆಯಲ್ಲಿ ಬಾಸೆಲ್ ಮಿಶನ್ನಿನ ಮೊದಲ ದೊಡ್ಡ ಆಸೆ ಮತ್ತು ಮೊದಲ ದೊಡ್ಡ ನಿರಾಸೆ ಎರಡೂ ಕಿಟೆಲ್ ಬರುವ ಮೊದಲೇ ಘಟಿಸಿದ್ದವು. 1840ರ ಆಸುಪಾಸಿನಲ್ಲಿ ಕಾಲಜ್ಞಾನದ ವಚನಗಳನ್ನು ನಂಬಿದ್ದ, ಚನ್ನಬಸವಣ್ಣ ಮತ್ತೆ ಬರುವನೆಂದು ಕಾದಿದ್ದ ಕೆಲವು ಭಕ್ತ ಗುಂಪುಗಳು ಮಿಶನರಿಗಳ ಬಳಿ ಬಂದು ಮಾತುಕತೆಗೆ ತೊಡಗಿದವು. ಇವರು ಕಾಯುತ್ತಿರುವುದು ಕ್ರಿಸ್ತನಿಗಾಗಿಯೇ, ಸಾವಿರ ಸಾವಿರ ಜನ ಒಟ್ಟಿಗೆ ಸಭೆಯನ್ನು ಸೇರುವರು ಎಂದು ಪಾದ್ರಿಗಳು ಹಿಗ್ಗಿದರು. ಗದಗದ ಬಳಿಯ ಮಳಸಮುದ್ರದಲ್ಲಿ 1841ರಲ್ಲಿ ಅವರಿಗಾಗಿ ಕೃಷಿ ವಸಾಹತನ್ನೇ ಹೂಡಿದರು. ಬಂದವರು ಬೆರಳೆಣಿಕೆಯಷ್ಟು; ಕೆಲವೇ ವರ್ಷಗಳಲ್ಲಿ ಯೋಜನೆ ಕುಸಿಯಿತು. ಮಿಶನರಿಗಳು ಬೋಧಿಸಿದ್ದೇನೋ ಕನ್ನಡದಲ್ಲಿಯೇ. ಆದರೆ ಆ ಕನ್ನಡದ ಒಳಗೆ ಜನರ ಪುರಾಣ, ವಚನ, ಭವಿಷ್ಯವಾಣಿಗಳು ಹೇಗೆ ಹೆಣೆದುಕೊಂಡಿವೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಒಂದೇ ಪದವನ್ನು ಎರಡು ಕಡೆಯವರು ಎರಡು ಅರ್ಥದಲ್ಲಿ ಕೇಳಿಸಿಕೊಂಡಿದ್ದರು. ಕಿಟೆಲ್ ಅವರಂಥವರ ಅಗತ್ಯ ಎಲ್ಲಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು ಎಂಬುದು ನನ್ನ ಅಭಿಪ್ರಾಯ.

ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್‌ನಲ್ಲಿ, ಉತ್ತರ ಸಮುದ್ರದ ತೀರದ ಪೂರ್ವ ಫ್ರೀಸ್‌ಲೆಂಡಿನ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿ. ಶಾಲೆಯ ದಿನಗಳಲ್ಲಿಯೇ ಹೀಬ್ರೂ, ಗ್ರೀಕ್, ಲ್ಯಾಟಿನ್‌ಗಳ ಪರಿಚಯವಾಗಿತ್ತು. ಮಿಶನ್ ಸೇರುತ್ತಿದ್ದ ಸಾಮಾನ್ಯ ತರುಣರಿಗೆ ಹೋಲಿಸಿದರೆ ಈತನ ವಿದ್ಯಾಭ್ಯಾಸ ಮೇಲ್ಮಟ್ಟದ್ದು, ಬಂದ ನಾಡೂ ಬೇರೆ. ವುರ್ಟೆಂಬರ್ಗಿನವರೇ ತುಂಬಿದ್ದ ಆ ಕೂಟದಲ್ಲಿ ಉತ್ತರದ ಈ ಹುಡುಗ ಮೊದಲಿಂದಲೂ ಸ್ವಲ್ಪ ಹೊರಗಿನವನೇ. 1850ರಲ್ಲಿ ಬಾಸೆಲ್‌ನ ತರಬೇತಿ ಶಾಲೆ ಸೇರಿ 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಭಾರತಕ್ಕೆ ಬಂದಿಳಿದರು. ಮೊದಲ ವರ್ಷಗಳು ಧಾರವಾಡ, ಹುಬ್ಬಳ್ಳಿಗಳ ಕಡೆಗೆ ಕಳೆದವು.

ಆ ಹೊತ್ತಿಗೆ ಸಂಸ್ಥೆಯ ಚುಕ್ಕಾಣಿ ಹಿಡಿದವರು ಯೋಸೆಫ್ ಯೋಸೆನ್‌ಹಾನ್ಸ್. 1850ರಿಂದ 1879ರವರೆಗೆ ಮಿಶನ್ನಿನ ಇನ್ಸ್‌ಪೆಕ್ಟರ್ ಆಗಿದ್ದ ಇವರು 1851-52ರಲ್ಲಿ ಖುದ್ದಾಗಿ ಭಾರತದ ಠಾಣೆಗಳನ್ನೆಲ್ಲ ಸುತ್ತಿ ನೋಡಿ, ಅಲ್ಲಿ ಕಂಡ ಸಡಿಲಿಕೆಗೆ ಕೊನೆಹಾಡಲು ನಿಯಮಗಳ ಬಿಗಿ ಚೌಕಟ್ಟನ್ನು ನಿರ್ಮಿಸಿದರು. ಯಾರು ಎಲ್ಲಿರಬೇಕು, ಯಾರಿಗೆ ಯಾರು ವರದಿ ಮಾಡಬೇಕು, ಯಾವ ಕೆಲಸಕ್ಕೆ ಎಷ್ಟು ಹಣ, ಇವೆಲ್ಲ ಬಾಸೆಲ್‌ನಲ್ಲಿಯೇ ನಿರ್ಧಾರವಾಗತೊಡಗಿದವು. ಮಿಶನರಿಯ ಮದುವೆಗೂ ಸಮಿತಿಯ ಅಪ್ಪಣೆ ಬೇಕು. ಮೂರು ದಶಕಕ್ಕೂ ಹೆಚ್ಚು ಕಾಲ ಸರ್ಕಾರಿ ಕಡತಗಳ ನಡುವೆ ಕಳೆದ ನನ್ನಂಥವನಿಗೆ ಈ ವ್ಯವಸ್ಥೆ ಅಪರಿಚಿತವೇನೂ ಅಲ್ಲ. ಸಾವಿರಾರು ಮೈಲಿ ದೂರದ ಠಾಣೆಗಳನ್ನು ಪತ್ರಮುಖೇನ ನಡೆಸಬೇಕಾದ ಸಂಸ್ಥೆಗೆ ನಿಯಮವೇ ಊರುಗೋಲು. ಯೋಸೆನ್‌ಹಾನ್ಸ್ ಇಲ್ಲದಿದ್ದರೆ ಬಾಸೆಲ್ ಮಿಶನ್ ನಾವು ಕಂಡ ರೀತಿಯಲ್ಲಿ ಉಳಿಯುತ್ತಿರಲಿಲ್ಲ ಎಂಬುದನ್ನೂ ಒಪ್ಪಬೇಕು. ಆದರೆ ನಿಯಮದ ಕಣ್ಣಿಗೆ ಕಾಣುವುದು ಸರಾಸರಿ ಮನುಷ್ಯ ಮಾತ್ರ.

ಕಿಟೆಲ್ ಸರಾಸರಿಯವರಾಗಿರಲಿಲ್ಲ. ಬಿಳಿಯರ ಬಂಗಲೆ, ಬಿಳಿಯರ ಊಟ, ಬಿಳಿಯರ ಸವಲತ್ತುಗಳೊಳಗೆ ಕುಳಿತು ಈ ಜನರಿಗೆ ಬೋಧಿಸುವುದು ನಿರರ್ಥಕವೆಂದು ಅವರಿಗೆ ಬೇಗನೆ ಅನ್ನಿಸಿತು. ಭಾರತೀಯರ ನಡುವೆ ಭಾರತೀಯರಂತೆ ಬದುಕಬೇಕು, ಅವರ ಮಾತು, ಅವರ ಕಾವ್ಯ, ಅವರ ಸಂಗೀತವನ್ನು ಒಳಗಿನಿಂದ ಕಲಿಯಬೇಕು ಎಂಬುದು ಅವರ ಹಟ. ಇದಕ್ಕೆ ಅವರು ಕಂಡುಕೊಂಡ ಆಧಾರ ಬೈಬಲ್ಲಿನದೇ: ಯೆಹೂದ್ಯರಿಗೆ ಯೆಹೂದ್ಯನಂತೆ ಆದ ಸಂತ ಪೌಲನ ಮಾರ್ಗ. ಅವರಿಗಿಂತ ಮೊದಲು ಹರ್ಮನ್ ಮೊಗ್ಲಿಂಗ್ ಅವರಿಗೂ ಇಂಥದೇ ಹಂಬಲವಿತ್ತು. 1843ರ ಜುಲೈನಲ್ಲಿ ಮಂಗಳೂರು ಸಮಾಚಾರವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ ಮೊಗ್ಲಿಂಗ್, ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅವರ ಧನಸಹಾಯದಿಂದ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಮೊದಲಾದವನ್ನು ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಕಲ್ಲಚ್ಚಿನಲ್ಲಿ ತಂದಿದ್ದರು. ಆದರೆ ಮೊಗ್ಲಿಂಗ್ ಜನರೊಂದಿಗೆ ಬೆರೆಯಬಲ್ಲ, ಒಪ್ಪಿಸಬಲ್ಲ ಮನುಷ್ಯ. ಕಿಟೆಲ್ ಒಂಟಿ, ತುಸು ನಿಷ್ಠುರಿ. ಸಹೋದ್ಯೋಗಿಗಳ ಜೀವನಕ್ರಮದ ಬಗ್ಗೆ ಅವರ ಟೀಕೆ ಅವರ ಸರಳ ನಡೆಯಲ್ಲೇ ಅಡಗಿತ್ತು. ಪಕ್ಕದ ಮನೆಯಾತ ನೆಲದ ಮೇಲೆ ಮಲಗಿದರೆ ಮಂಚದ ಮೇಲಿದ್ದವನಿಗೆ ನಿದ್ದೆ ಬರುವುದಿಲ್ಲ. ಸಹೋದ್ಯೋಗಿಗಳು ಮುನಿದರು, ಸಮಿತಿ ಇದನ್ನು ಅವಿಧೇಯತೆ ಎಂದು ಬಗೆಯಿತು.

ಇದರಲ್ಲಿ ಸಮಿತಿಯ ಅಂಜಿಕೆಯೂ ಅರ್ಥವಾಗುವಂಥದೇ. 1857-58ರ ಹೊತ್ತಿನಲ್ಲಿ ಈ ಸೀಮೆ ಶಾಂತವಾಗಿರಲಿಲ್ಲ. ಕಿತ್ತೂರಿನ ಗಾಯ ಹಸಿಯಾಗಿತ್ತು. 1858ರ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬರು ಬಂಡೆದ್ದು, ರಾಮದುರ್ಗದ ಸುರೇಬಾನದ ಬಳಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದ. ಜರ್ಮನಿಯವನೋ ಇಂಗ್ಲೆಂಡಿನವನೋ, ಹಳ್ಳಿಯವರ ಕಣ್ಣಿಗೆ ಪಾದ್ರಿ ಬಿಳಿಯನೇ, ಆಳುವವರ ಕಡೆಯವನೇ. ಅವನು ಧೋತರ ಉಟ್ಟು ಜಗಲಿಯ ಮೇಲೆ ಕುಳಿತ ಮಾತ್ರಕ್ಕೆ ಆ ಸಂಬಂಧ ಕಳಚಿಹೋಗುತ್ತದೆಯೇ ಎಂಬ ಪ್ರಶ್ನೆಗೆ ಕಿಟೆಲ್ ಅವರ ಬಳಿಯೂ ಉತ್ತರವಿದ್ದಂತೆ ತೋರುವುದಿಲ್ಲ. ಮಿಶನರಿಯ ಸರಳ ಜೀವನವನ್ನು ಇಂದು ನಾವು ಮೆಚ್ಚುವಾಗ, ಅದರ ಹಿಂದೆ ಒಂದು ಸಾಮ್ರಾಜ್ಯದ ಸನದು ಇತ್ತೆಂಬುದನ್ನು ಮರೆಯಬಾರದು.

ಬೋಧಕರಾಗಿ ಅವರು ಯಶಸ್ವಿಯಾಗಲಿಲ್ಲ. ಸಂತೆ, ಜಾತ್ರೆಗಳಲ್ಲಿ ನಿಂತು ಜನರನ್ನು ಸೆಳೆಯುವ ವಾಗ್ಮಿತೆ ಅವರದಲ್ಲ. ಮಂಗಳೂರು ಮತ್ತು ಮಡಿಕೇರಿಗಳಲ್ಲಿ ಮುದ್ರಣಾಲಯ, ಶಾಲಾ ಪುಸ್ತಕ, ಗ್ರಂಥ ಸಂಪಾದನೆಗಳ ಕಡೆಗೆ ಅವರ ಕೆಲಸ ಹೊರಳಿತು. ಬಹುಶಃ ಸಮಿತಿಗೆ ಇದೊಂದು ಬಗೆಯ ಬದಿಗೊತ್ತುವಿಕೆ. ಕನ್ನಡಕ್ಕೆ ಮಾತ್ರ ದೊಡ್ಡ ಭಾಗ್ಯ. ನಮ್ಮ ಕಚೇರಿಗಳಲ್ಲಿಯೂ ಗ್ರಂಥಾಲಯಕ್ಕೋ ಪತ್ರಾಗಾರಕ್ಕೋ ವರ್ಗವಾದವರು ಕೆಲವೊಮ್ಮೆ ಮೂವತ್ತು ಕಲೆಕ್ಟರುಗಳು ಮಾಡದ್ದನ್ನು ಮಾಡಿಟ್ಟು ಹೋಗುತ್ತಾರೆ.

1862ರಲ್ಲಿ ಬಂದ ಕಥಾಮಾಲೆ ಅವರ ಮೊದಲ ಗಮನಾರ್ಹ ಕೃತಿ. ಕ್ರಿಸ್ತನ ಜೀವನಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳುವ ಪ್ರಯತ್ನವದು. ಇಂದು ಅದನ್ನು ಕಾವ್ಯವೆಂದು ಓದುವವರು ವಿರಳ. ಆದರೆ ಚರ್ಚಿನ ಕಲೆಯ ಇತಿಹಾಸದ ದೃಷ್ಟಿಯಿಂದ ಅದಕ್ಕೆ ಮಹತ್ವವಿದೆ. ಬಾಸೆಲ್ ಮಿಶನ್ನಿನವರ ಆರಾಧನಾ ಮಂದಿರಗಳು ಸುಣ್ಣ ಬಳಿದ ಬರಿಯ ಗೋಡೆಗಳವು. ಕ್ಯಾಥೊಲಿಕ್ ಇಗರ್ಜಿಗಳಲ್ಲಿರುವಂತೆ ಸಂತರ ಪ್ರತಿಮೆಗಳಿಲ್ಲ, ಚಿನ್ನದ ಲೇಪದ ಪೀಠಗಳಿಲ್ಲ. ಅವರ ಕಲೆಯೆಲ್ಲ ಕಿವಿಗೆ ಸಂಬಂಧಿಸಿದ್ದು: ಹಾಡು, ಓದು, ಪ್ರಸಂಗ. ಅಲ್ಲಿ ಜರ್ಮನ್ ರಾಗಕ್ಕೆ ಕನ್ನಡ ಪದಗಳನ್ನು ಹೊಂದಿಸಿ ಹಾಡುವುದು ವಾಡಿಕೆಯಾಗಿತ್ತು. ಪದಗಳು ಮಾತ್ರ ಕನ್ನಡದವಾದರೆ ಸಾಲದು, ಲಯವೂ ಕನ್ನಡದ್ದೇ ಆಗಬೇಕು ಎಂದು ಕಿಟೆಲ್ ಹೊರಟರು. ಕನ್ನಡದ ಕಾವ್ಯಗಳನ್ನು ಹಾಗೆ ಲಯ ಹಿಡಿಯಲು ಓದತೊಡಗಿದವರು ಅಲ್ಲಿಂದ ಹಿಂದಿರುಗಲೇ ಇಲ್ಲ.

ಈ ನಡುವೆ ಸಂಸಾರದ ಕಷ್ಟ. 1860ರಲ್ಲಿ ಪೌಲಿನೆ ಐತ್ ಎಂಬಾಕೆಯನ್ನು ಮದುವೆಯಾದರು. ನಾಲ್ಕೇ ವರ್ಷಗಳಲ್ಲಿ, 1864ರಲ್ಲಿ, ಆಕೆ ತೀರಿಕೊಂಡರು. 1867ರಲ್ಲಿ ಆಕೆಯ ತಂಗಿ ಯೂಲಿಯೆಯನ್ನು ವರಿಸಿದರು. ಮಿಶನರಿಗಳ ಮನೆಗಳಲ್ಲಿ ಜ್ವರ, ಹೆರಿಗೆಗಳ ಸಾವು ಆ ಕಾಲದಲ್ಲಿ ಅಪರೂಪವಲ್ಲ. ಮಕ್ಕಳನ್ನು ಓದಿಗಾಗಿ ಯುರೋಪಿಗೆ ಕಳಿಸಿ ವರ್ಷಗಟ್ಟಲೆ ಕಾಣದಿರುವುದೂ ಆ ಬದುಕಿನ ಭಾಗವೇ. ಮಿಶನ್ನಿನ ಇತಿಹಾಸದಲ್ಲಿ ಈ ಹೆಂಗಸರ ಹೆಸರು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಯುತ್ತದೆ. ಈ ಲೇಖನವೂ ಅದಕ್ಕೆ ಹೊರತಾಗಲಿಲ್ಲವೆಂಬುದು ವಿಷಾದದ ಸಂಗತಿ.

1870ರ ದಶಕ ಅವರ ಪಾಂಡಿತ್ಯದ ಫಲಕಾಲ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಗ್ರಂಥ, ಎರಡನ್ನೂ ಹಸ್ತಪ್ರತಿಗಳ ಆಧಾರದಿಂದ ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದರು. ನಾಗವರ್ಮನ ಗ್ರಂಥಕ್ಕೆ ಅವರು ಬರೆದ ಪೀಠಿಕೆ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಕಟ್ಟುವ ಆರಂಭಿಕ ಪ್ರಯತ್ನಗಳಲ್ಲೊಂದು, ಕವಿಚರಿತೆಯ ಆರ್. ನರಸಿಂಹಾಚಾರ್ಯರ ಬೃಹತ್ ಕಾರ್ಯ ಆಗಿನ್ನೂ ಭವಿಷ್ಯದ ಮಾತು. ಇಂಡಿಯನ್ ಆ್ಯಂಟಿಕ್ವೆರಿ ಪತ್ರಿಕೆಯಲ್ಲಿ ಸಂಸ್ಕೃತ ನಿಘಂಟುಗಳಲ್ಲಿರುವ ದ್ರಾವಿಡ ಅಂಶದ ಬಗ್ಗೆ, ಹಳಗನ್ನಡ ಸಾಹಿತ್ಯದ ಬಗ್ಗೆ, ಲಿಂಗಾಯತ ಐತಿಹ್ಯಗಳ ಬಗ್ಗೆ, ಕೊಡಗಿನ ನಂಬಿಕೆಗಳ ಬಗ್ಗೆ ಲೇಖನಗಳು ಬಂದವು. ಸಂಸ್ಕೃತದಿಂದ ದ್ರಾವಿಡ ಭಾಷೆಗಳಿಗೆ ಶಬ್ದಗಳು ಹರಿದು ಬಂದವೆಂಬುದು ಎಲ್ಲರೂ ಬಲ್ಲ ಮಾತು. ತಿರುಗಿ ದ್ರಾವಿಡದಿಂದ ಸಂಸ್ಕೃತಕ್ಕೂ ಹರಿದಿವೆ ಎಂದು ನೂರಾರು ಶಬ್ದಗಳ ಪಟ್ಟಿ ಕೊಟ್ಟು ಅವರು ವಾದಿಸಿದರು. ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದು ತೆರೆದ ದಾರಿಯಲ್ಲಿ ಇದೊಂದು ದಿಟ್ಟ ಹೆಜ್ಜೆ. ಪಟ್ಟಿಯ ಎಲ್ಲ ಶಬ್ದಗಳನ್ನೂ ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಪ್ರಶ್ನೆ ಮಾತ್ರ ಸರಿಯಾದುದೇ ಆಗಿತ್ತು.

ಇದೇ ವರ್ಷಗಳಲ್ಲಿ ಪಾದ್ರಿ ಕಿಟೆಲ್ ಕೂಡ ಬರೆಯುತ್ತಲೇ ಇದ್ದರು. 1872ರಲ್ಲಿ ಯಜ್ಞವನ್ನು ಕುರಿತು ಒಂದು ಕಿರುಹೊತ್ತಗೆ ತಂದರು. ವೈದಿಕ ಯಜ್ಞದ ಕಲ್ಪನೆ ಕ್ರಿಸ್ತನ ಬಲಿದಾನದಲ್ಲಿ ಪೂರ್ಣಗೊಳ್ಳುತ್ತದೆ ಎಂಬ ದಿಕ್ಕಿನ ವಾದ. 1876ರಲ್ಲಿ ಲಿಂಗಪೂಜೆಯ ಉಗಮದ ಬಗ್ಗೆ ಜರ್ಮನ್ ಭಾಷೆಯಲ್ಲಿ ಪುಸ್ತಕ ಬರೆದು, ಅದು ದ್ರಾವಿಡ ಮೂಲದ್ದೆಂಬ ಅಂದಿನ ಪಂಡಿತರ ಮತವನ್ನು ಪ್ರಶ್ನಿಸಿದರು. ಬಸವ ಪುರಾಣವನ್ನು, ಚನ್ನಬಸವ ಪುರಾಣವನ್ನು ಪ್ರೀತಿಯಿಂದ ಓದಿದವರು ಅದರ ಹಿಂದಿನ ಶ್ರದ್ಧೆಯನ್ನು ಒಪ್ಪಿದರೆಂದೇನೂ ಅಲ್ಲ. ಮುನವಳ್ಳಿಯ ಪಂಚಲಿಂಗೇಶ್ವರ ಗುಡಿಯ ಭಕ್ತನೊಬ್ಬ ಆ ಪುಸ್ತಕವನ್ನು ಓದಿದ್ದರೆ ನೊಂದುಕೊಳ್ಳಲು ಕಾರಣಗಳಿದ್ದವು. ಅವರನ್ನು ಬರಿಯ ಭಾಷಾಸೇವಕರನ್ನಾಗಿಸಿ ಪೂಜಿಸುವವರು ಈ ಪುಟಗಳನ್ನು ದಾಟಿಕೊಂಡು ಹೋಗುತ್ತಾರೆ. ಹಾಗೆ ದಾಟುವುದು ಅವರಿಗೆ ಮಾಡುವ ಗೌರವವೆಂದು ನನಗನ್ನಿಸುವುದಿಲ್ಲ. ಅವರ ಶ್ರದ್ಧೆಯೇ ಅವರನ್ನು ಹಸ್ತಪ್ರತಿಗಳ ಮುಂದೆ ಕೂರಿಸಿತ್ತು. ಎದುರಾಳಿಯ ಧರ್ಮವನ್ನು ತಿಳಿಯದೆ ವಾದಿಸಬಾರದೆಂಬ ಪ್ರಾಮಾಣಿಕತೆ ಅವರನ್ನು ಬಹುದೂರ ಕರೆದೊಯ್ದಿತು. ತಿಳಿಯುವ ಕೆಲಸ ಎಷ್ಟು ಬೆಳೆಯಿತೆಂದರೆ ವಾದಿಸಲು ಆಯುಷ್ಯ ಸಾಲದಾಯಿತು.

ನಿಘಂಟಿಗೆ ಎರಡು ದಶಕಗಳಿಗೂ ಮಿಕ್ಕ ದುಡಿಮೆ ಸಂದಿತು. ಅದೇ ಮಿಶನ್ನಿನ ಹರ್ಮನ್ ಗುಂಡರ್ಟ್ 1872ರಲ್ಲಿ ಮಲಯಾಳ ನಿಘಂಟನ್ನು ಮುಗಿಸಿದ್ದರು. ಅಗಸ್ಟ್ ಮ್ಯಾನರ್ 1886ರಲ್ಲಿ ತುಳುವಿನದನ್ನು ತಂದರು. ಕಾದಂಬರಿಕಾರ ಹರ್ಮನ್ ಹೆಸ್ಸೆ ಈ ಗುಂಡರ್ಟರ ಮೊಮ್ಮಗ ಎಂಬುದು ಹಲವರಿಗೆ ಗೊತ್ತಿರಬಹುದು. ಕಿಟೆಲ್ ಮಾದರಿಯಾಗಿ ತೆಗೆದುಕೊಂಡದ್ದು ಶಬ್ದಕ್ಕೆ ಅರ್ಥ ಹೇಳಿ ಸುಮ್ಮನಾಗುವ ಪದ್ಧತಿಯನ್ನಲ್ಲ. ಶಬ್ದ ಎಲ್ಲಿ ಬಂದಿದೆ, ಹಳಗನ್ನಡದ ಯಾವ ಕೃತಿಯಲ್ಲಿ, ಯಾವ ಗಾದೆಯಲ್ಲಿ, ಯಾವ ಸೀಮೆಯ ಬಾಯಲ್ಲಿ, ತಮಿಳು ತೆಲುಗು ತುಳುಗಳಲ್ಲಿ ಅದರ ಬಂಧುಗಳು ಯಾರು ಎಂಬುದನ್ನೆಲ್ಲ ಕೊಡಬೇಕಿತ್ತು. ರೈತನ ಉಪಕರಣ, ಅಡುಗೆಯ ಪಾತ್ರೆ, ಗಿಡಮೂಲಿಕೆಗಳ ಹೆಸರು ಪಂಪನ ಶಬ್ದಗಳ ಪಕ್ಕದಲ್ಲಿ ಕುಳಿತವು. ಧಾರವಾಡ, ಬೆಳಗಾವಿ ಸೀಮೆಯ ಕನ್ನಡ ಆಗ ಶಾಲೆಯಲ್ಲಿಯೂ ಮಾನ ಗಳಿಸಲು ಹೆಣಗುತ್ತಿದ್ದ ಕಾಲ. ವಾಲ್ಟರ್ ಎಲಿಯಟ್, ರಸೆಲ್ ಅವರಂಥ ಅಧಿಕಾರಿಗಳು, ಡೆಪ್ಯುಟಿ ಚನ್ನಬಸಪ್ಪನವರು ಮರಾಠಿ ಶಾಲೆಗಳ ನಡುವೆ ಕನ್ನಡ ಶಾಲೆಗಳನ್ನು ಎಬ್ಬಿಸಿ ನಿಲ್ಲಿಸಿದ್ದು ಆ ಶತಮಾನದಲ್ಲಿಯೇ, ಧಾರವಾಡದಲ್ಲಿ ರಾ. ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದ್ದು 1890ರಲ್ಲಿ. ಕಚೇರಿಯಲ್ಲಿ ನಾಚಿಕೆಪಡುತ್ತಿದ್ದ ನುಡಿಗೆ ನಿಘಂಟಿನಲ್ಲಿ ಆಸನ ಸಿಕ್ಕಿದ್ದು ಅಲ್ಪ ಸಂಗತಿಯಲ್ಲ.

ಇದೆಲ್ಲ ಒಬ್ಬರೇ ಮಾಡಿದ ಕೆಲಸವೆಂಬಂತೆ ಹೇಳುವ ರೂಢಿ ತಪ್ಪು. ಹಸ್ತಪ್ರತಿಗಳನ್ನು ಹುಡುಕಿ ಕೊಟ್ಟವರು, ಕಠಿಣ ಪದ್ಯಗಳಿಗೆ ಅನ್ವಯ ಹೇಳಿದವರು, ಅರ್ಥ ಸಿಗದ ಶಬ್ದಗಳಿಗೆ ಬಳಕೆಯ ಸಾಕ್ಷ್ಯ ಒದಗಿಸಿದವರು ಇಲ್ಲಿಯ ಪಂಡಿತರು, ಮುನ್ಷಿಗಳು. ಕಿಟೆಲ್ ತಮ್ಮ ಮುನ್ನುಡಿಯಲ್ಲಿ ಅವರ ನೆರವನ್ನು ನೆನೆದಿದ್ದಾರೆ. ನೂರಾರು ಭಾಷಣಗಳಲ್ಲಿ ಕಿಟೆಲ್ಲರನ್ನು ನೆನೆದ ನಾವು ಆ ಹೆಸರುಗಳನ್ನು ಮರೆತಿದ್ದೇವೆ. ತಿಂಗಳಿಗೆ ಇಷ್ಟೆಂದು ಸಂಬಳ ಪಡೆದು, ತಮ್ಮ ಧರ್ಮವನ್ನು ಬಿಡದೆ, ಪರಧರ್ಮದ ಪ್ರಚಾರಕನಿಗೆ ತಮ್ಮ ಪರಂಪರೆಯ ಬಾಗಿಲು ತೆರೆದ ಆ ಮುನ್ಷಿಗಳ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಬರೆಯಬಲ್ಲ ಕಾದಂಬರಿಕಾರ ಕನ್ನಡದಲ್ಲಿ ಇನ್ನೂ ಬರಬೇಕಾಗಿದೆ.

ಸಮಿತಿಯ ದೃಷ್ಟಿಯಿಂದ ಈ ವೆಚ್ಚಕ್ಕೆ ಸಮರ್ಥನೆ ಕಷ್ಟವಿತ್ತು. ಅದೇ ಕಾಲದಲ್ಲಿ ಮಿಶನ್ನಿನ ಇನ್ನೊಂದು ಕೈ ಲೆಕ್ಕಕ್ಕೆ ಸಿಗುವ ಸಾಧನೆಗಳನ್ನು ಮಾಡುತ್ತಿತ್ತು. ದೀಕ್ಷೆ ಪಡೆದವರು ಜಾತಿಯಿಂದಲೂ ಕಸುಬಿನಿಂದಲೂ ಹೊರಬಿದ್ದಾಗ ಅವರಿಗೆ ಕೂಳಿನ ದಾರಿ ತೋರಲೇಬೇಕಾಯಿತು. 1851ರಿಂದ ಮಂಗಳೂರಿನಲ್ಲಿ ಸುಧಾರಿತ ಮಗ್ಗದ ನೇಯ್ಗೆ, 1859ರಲ್ಲಿ ಪ್ರತ್ಯೇಕ ವ್ಯಾಪಾರ ಸಂಸ್ಥೆ, 1865ರಲ್ಲಿ ಹಂಚಿನ ಕಾರ್ಖಾನೆ. ಮಂಗಳೂರು ಹಂಚಿನ ಹೆಸರು ಸಮುದ್ರದಾಚೆಗೂ ಹೋಯಿತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಈ ಅಧ್ಯಾಯ ಬಹಳ ಕುತೂಹಲದ್ದು: ಅಂತರಂಗದ ಪರಿವರ್ತನೆಗೆಂದು ಹೊರಟ ಸಂಘ ಕೂಲಿ, ಹಾಜರಿ, ಲಾಭಾಂಶಗಳ ಸಂಸ್ಥೆಯಾಗಿ ಬೆಳೆದದ್ದು. ಮಿಶನ್ನಿನೊಳಗಿನ ಟೀಕಾಕಾರರೇ ಇದನ್ನು ಆಕ್ಷೇಪಿಸಿದ್ದುಂಟು. ಸಭೆಯ ಸದಸ್ಯನೂ ಕಾರ್ಖಾನೆಯ ಕೂಲಿಯಾಳೂ ಒಬ್ಬನೇ ಆದರೆ ಅವನ ಭಕ್ತಿಯನ್ನು ಅಳೆಯುವುದು ಹೇಗೆ? ಹಂಚಿಗೆ ಬೆಲೆ ಕಟ್ಟಬಹುದು. ಆತ್ಮಗಳನ್ನು ಎಣಿಸಬಹುದೆಂದು ಸಮಿತಿ ನಂಬಿತ್ತು. ಶಬ್ದಗಳ ಸಂಗ್ರಹಕ್ಕೆ ಲೆಕ್ಕಪುಸ್ತಕದಲ್ಲಿ ಅಂಕಣವಿರಲಿಲ್ಲ.

1877ರಲ್ಲಿ ಆರೋಗ್ಯ ಕೆಟ್ಟು ಕಿಟೆಲ್ ಜರ್ಮನಿಗೆ ಮರಳಿದರು. ಭೀಕರ ಬರಗಾಲ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನು ಹಣ್ಣುಮಾಡುತ್ತಿದ್ದ ವರ್ಷವದು. ಜರ್ಮನಿಯಲ್ಲಿ ಕುಳಿತು ನಿಘಂಟಿನ ಕೆಲಸ ಮುಂದುವರಿಸಿದರೂ ಪುಸ್ತಕಗಳಿಂದಷ್ಟೇ ಅದು ಮುಗಿಯುವಂತಿರಲಿಲ್ಲ; ಶಬ್ದಗಳು ಇದ್ದದ್ದು ಇಲ್ಲಿಯ ಜನರ ನಾಲಗೆಯಲ್ಲಿ. 1883ರಲ್ಲಿ ಐವತ್ತೊಂದರ ವಯಸ್ಸಿನಲ್ಲಿ ಸಂಸಾರವನ್ನು ಅಲ್ಲಿಯೇ ಬಿಟ್ಟು ಒಬ್ಬರೇ ಮತ್ತೆ ಬಂದರು. ಕಣ್ಣು ಮಂದವಾಗುತ್ತಿತ್ತು. ಒಂಬತ್ತು ವರ್ಷ ದುಡಿದು 1892ರಲ್ಲಿ ಕೊನೆಯ ಬಾರಿ ಹಡಗೇರಿದರು. ಸುಮಾರು 70,000 ಶಬ್ದಗಳ, 1,700ಕ್ಕೂ ಹೆಚ್ಚು ಪುಟಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದಾಗ ಅವರು ಈ ನಾಡಿನಲ್ಲಿ ಇರಲಿಲ್ಲ.

ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಮುಪ್ಪಿನಲ್ಲಿಯೂ ಅವರು ಕೈಕಟ್ಟಿ ಕೂರಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ, ಕೇಶಿರಾಜನ ಸೂತ್ರಗಳ ತಳಹದಿಯ ಮೇಲೆ ಕಟ್ಟಿದ ಇಂಗ್ಲಿಷ್ ವ್ಯಾಕರಣವನ್ನು ಬರೆದು ಮುಗಿಸಿದರು. ಅದು ಮಂಗಳೂರಿನಲ್ಲಿ ಅಚ್ಚಾದದ್ದು 1903ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡರು.

ಮುಂದಿನದು ಸಂಸ್ಥೆಯ ಕಥೆ. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಜರ್ಮನ್ ಮಿಶನರಿಗಳು ಬ್ರಿಟಿಷರ ಕಣ್ಣಿಗೆ ಶತ್ರುದೇಶದವರಾದರು. ಅವರನ್ನು ಬಂಧನ ಶಿಬಿರಗಳಲ್ಲಿಟ್ಟು ಆಮೇಲೆ ದೇಶಕ್ಕೆ ಕಳಿಸಲಾಯಿತು. ಹಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ವಶವಾದವು. ವರದಿಗಳಲ್ಲಿ ಎದ್ದುಕಾಣುತ್ತಿದ್ದ ಸಂಪತ್ತು ಹೀಗೆ ಒಂದೇ ಏಟಿಗೆ ಕೈತಪ್ಪಿತು. ಠಾಣೆಗಳಲ್ಲಿ ಬೆಳೆದ ಸ್ಥಳೀಯ ಸಭೆಗಳು ತಮ್ಮದೇ ಕನ್ನಡದ ಬೋಧಕರೊಂದಿಗೆ ಉಳಿದು, ಮುಂದೆ ದಕ್ಷಿಣ ಭಾರತ ಸಭೆಯಲ್ಲಿ ಒಂದಾದವು. ಉತ್ತರ ಕರ್ನಾಟಕದ ಸಭಾಪ್ರಾಂತದ ಕೇಂದ್ರ ಧಾರವಾಡ. ಅಲ್ಲಿಯ ಕಾಲೇಜೊಂದು ಕಿಟೆಲ್ ಹೆಸರನ್ನು ಹೊತ್ತಿದೆ. ಬೆಂಗಳೂರಿನ ಮೇಯೋ ಹಾಲ್ ಬಳಿ ಪ್ರತಿಮೆಯನ್ನೂ ನಿಲ್ಲಿಸಲಾಯಿತು. ನಿಘಂಟನ್ನು ಮಾತ್ರ ಯಾವ ಟ್ರಸ್ಟೂ ವಶಪಡಿಸಿಕೊಳ್ಳಲಿಲ್ಲ. ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಆವೃತ್ತಿಯನ್ನು ಮದರಾಸು ವಿಶ್ವವಿದ್ಯಾಲಯ 1968ರಿಂದ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ದೆಹಲಿಯಲ್ಲಿ ಮೂಲ ಆವೃತ್ತಿಯ ಮರುಮುದ್ರಣಗಳು ಬಂದವು. ಕನ್ನಡ ಸಾಹಿತ್ಯ ಪರಿಷತ್ತು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ತಂದ ಕನ್ನಡ ನಿಘಂಟಿನ ಹಿಂದೆ ವಿದ್ವಾಂಸರ ಒಂದು ಪಡೆಯೇ ಇತ್ತು, ಸರ್ಕಾರದ ಅನುದಾನವಿತ್ತು. ಆ ಪಡೆಯವರ ಮೇಜಿನ ಮೇಲೆಯೂ ಕಿಟೆಲ್ ಇದ್ದರು.